ಐದು ಚುಕ್ಕಿ ಮೂರು ಚುಕ್ಕಿ ಎರಡು

ರಾತ್ರಿ ಎರಡೂಕಾಲು. ಬೊಮ್ಮನಹಳ್ಳಿ ಸಿಗ್ನಲ್ಲು
ಯಾರಿಗೂ ಅಲ್ಲದೆ ಕೆಂಪು, ಹಸಿರು, ಮತ್ತೆ ಕೆಂಪು.
ಮೂರನೇ ಮಹಡಿಯಲ್ಲಿ ನಾನು, ಇಮ್ತಿಯಾಜ್,
ಆರಿದ ಎರಡು ಲೋಟ ಚಹಾ, ಹನ್ನೊಂದು ಸರ್ವರು.
ಒಂದೊಂದನ್ನೇ ಇಳಿಸಿ, ತೇಪೆ ಹಾಕಿ, ಎತ್ತಬೇಕು,
ಮಿಕ್ಕವಕ್ಕೆ ಗೊತ್ತಾಗದ ಹಾಗೆ.
ಓಡುವ ಬಸ್ಸಿಗೆ ಟೈರು ಬದಲಿಸಿದಂತೆ, ಅನ್ನುತ್ತಾನೆ.
ಅವನು ಬಸ್ಸು ಹತ್ತಿ ಎಂಟು ವರ್ಷವಾಗಿದೆ.

ಕ್ಯಾಶ್ ಅಂದರೆ ದುಡ್ಡಲ್ಲ ಅಂತ
ನಮ್ಮತ್ತೆಗೆ ಹೇಳಿ ಹೇಳಿ ಸಾಕಾಗಿದೆ.
ಕೆಳಗಿನ ಶೇಷಪ್ಪನ ಟೀ ಅಂಗಡಿ ನೋಡಿ, ಅತ್ತೆ:
ಉದ್ರಿಯೆಲ್ಲ ಇರೋದು ಒಳಗಿನ ದಪ್ಪ ಪುಸ್ತಕದಲ್ಲಿ.
ಪ್ರತಿ ಸಲ ಅದನ್ನು ಬಿಚ್ಚುತ್ತ ಕೂತರೆ ಹಾಲು ಉಕ್ಕುತ್ತೆ.
ಅದಕ್ಕೇ ಕೈಗೆಟಕುವಲ್ಲಿ ಒಂದು ಹಲಗೆ,
ಸೀಮೆಸುಣ್ಣದ ನಾಲ್ಕು ಸಾಲು.
ಹಲಗೆ ಬೇಗ ಹೇಳುತ್ತೆ.
ಹೇಳಿದ್ದೆಲ್ಲ ಇವತ್ತಿನದೇ ಅಂತಲ್ಲ.
‘ಬರೆಯೋದು ಸುಲಭ ಮೇಡಂ,
ಅಳಿಸೋದು ನೆನಪಿರಲ್ಲ’ ಅಂದಿದ್ದ.

ನಮ್ಮವು ಹನ್ನೊಂದು ಹಲಗೆ.
ಊರಿನ ಯಾವ ರಕ್ತನಿಧಿಯಲ್ಲಿ ಯಾವ ಗುಂಪು, ಎಷ್ಟು ಚೀಲ,
ಕೇಳಿದೊಡನೆ ಹೇಳಬೇಕು.
ಒಂದಕ್ಕೊಂದು ಎದೆಬಡಿತ ಕಳಿಸುತ್ತಿರುತ್ತವೆ:
ಇದ್ದೀಯ?
ಇದ್ದೀನಿ.
ಮೂರು ಸಲ ಉತ್ತರ ಬರದಿದ್ದರೆ ಸತ್ತಿತೆಂದು ಲೆಕ್ಕ.
ಅದರ ಪಾಲನ್ನು ಉಳಿದವು ಹಂಚಿಕೊಳ್ಳುತ್ತವೆ,
ತಿಥಿಗೂ ಕಾಯದೆ.

ಸಾಯದೇ ಇದ್ದರೆ?
ಹೋದ ಶುಕ್ರವಾರ ಬೆಳ್ಳಂದೂರಿನ ಹತ್ತಿರ
ಯಾರೋ ರಸ್ತೆ ಅಗೆದರು, ಕೇಬಲ್ಲು ತುಂಡಾಯಿತು.
ಏಳನೆಯದು ಬದುಕೇ ಇತ್ತು ಕತ್ತಲಲ್ಲಿ,
ಉಳಿದ ಹತ್ತೂ ಸತ್ತವೆಂದು ತಾನೂ ಲೆಕ್ಕ ಹಾಕಿಕೊಂಡು.
ಗಂಟೆಗಟ್ಟಲೆ ಆದಮೇಲೆ ತಂತಿ ಕೂಡಿತು. ಬಂತು,
ಬಹಳ ದಿನಕ್ಕೆ ಮನೆಗೆ ಬಂದ ಭಾವನಂತೆ,
ತನಗೆ ಗೊತ್ತಿದ್ದೇ ಸರಿ ಎಂದು ಎಲ್ಲರಿಗೂ ಹಂಚುತ್ತ:
ರಾಜಾಜಿನಗರ, ಓ ನೆಗೆಟಿವ್, ಎರಡು ಚೀಲ.

ಆ ಎರಡೂ ಮಧ್ಯಾಹ್ನವೇ ಖಾಲಿಯಾಗಿದ್ದವು.
ಪರದೆ ನಂಬಿ ಹೊರಟವನು ವೇಲಾಯುಧಂ,
ಹಲಸೂರಿನ ಬೋರ್ಡ್ ಪೇಂಟರ್. ನಾದಿನಿಯ ಹೆರಿಗೆ.
ಶುಕ್ರವಾರ ಸಂಜೆ, ಸ್ಕೂಟರು, ಓಕಳಿಪುರದ ಅಂಡರ್‌ಪಾಸು.
ಕಿಟಕಿಯ ಹುಡುಗಿ ಮಾತಾಡದೆ
ಫ್ರಿಜ್ಜು ತೆರೆದೇ ತೋರಿಸಿದಳಂತೆ.
ಅಲ್ಲಿಂದ ಜಯನಗರ. ಸಿಕ್ಕಿತು. ತಾಯಿ ಮಗು ಕ್ಷೇಮ.
ಅದು ನಮ್ಮ ಪುಣ್ಯ. ನಮ್ಮ ಕೆಲಸ ಅಲ್ಲ.

ನಾನೇ ಫೋನು ಮಾಡಿದೆ. ಅವನು ಬೈಯಲಿಲ್ಲ.
ಹಳೇದು ಹೇಗೆ ಮೇಲಕ್ಕೆ ಬಂತು ಅಂತ ಕೇಳಿದ.
ಹೇಳಿದೆ, ಕೈಲಾದಷ್ಟು ಕನ್ನಡದಲ್ಲಿ.
‘ಓ, ಅದಾ.
ಹಳೇ ಬೋರ್ಡಿಗೆ ಬಿಳಿ ಎರಡು ಕೈ ಹೊಡೆದ್ರೂ
ಒಂದು ಮಳೆಗಾಲ ಕಳೆದ್ರೆ ಹಳೇ ಹೆಸರು ಇಣುಕುತ್ತೆ.
ಕೆರೆದು ತೆಗೀಬೇಕು ಮೇಡಂ. ಬಣ್ಣ ಸಾಲದು.’

ಕೆರೆದೆ. ನಾಲ್ಕು ದಿನ.
ಸಿಕ್ಕಿದ್ದು ಜಾವಾದ ಒಂದೇ ಒಂದು ಸಾಲು.
ಯಾವುದು ಆಮೇಲೆ ಬಂದದ್ದು ಎಂದು ಕೇಳುತ್ತಿತ್ತು;
ಯಾವುದು ಆಮೇಲೆ ಬರೆದದ್ದು ಎಂದು ಕೇಳಬೇಕಿತ್ತು.
ಬರೆದವರು ಯಾರೆಂದು ನೋಡಿದೆ.
ಆರು ವರ್ಷದ ಹಿಂದೆ, ಒಂದು ಭಾನುವಾರ,
ನಾನು.

ಟಿಪ್ಪಣಿಯೂ ನನ್ನದೇ ಸರದಿ:
‘ಸರಿಪಡಿಸಲಾಗಿದೆ: ಗುಂಪಿಗೆ ಮರಳಿದ ನೋಡ್
ಹಳೆಯ ಮೌಲ್ಯವನ್ನು ಹರಡುತ್ತಿದ್ದ ದೋಷ.’
ಓಕಳಿಪುರ ಇಲ್ಲ. ತೆರೆದ ಫ್ರಿಜ್ಜಿನ ತಣ್ಣನೆ ಬೆಳಕಿಲ್ಲ.
ಕರ್ಮಣಿ ಪ್ರಯೋಗಕ್ಕೆ
ಕೈಗಳೇ ಇರುವುದಿಲ್ಲ.

ಏಳನೆಯದನ್ನು ಕೊನೆಗೆ ಎತ್ತಿದೆವು.
ಇದ್ದೀಯ?
ಸ್ವಲ್ಪ ಹೊತ್ತು.
ಇದ್ದೀನಿ.

ಇಮ್ತಿಯಾಜ್ ಮೇಜಿಗೆ ತಲೆಯಿಟ್ಟು ಮಲಗಿದ.
ಐದಕ್ಕೆ ಕೆಳಗಿಳಿದರೆ ಶೇಷಪ್ಪ ಶಟರ್ ಎತ್ತಿದ್ದ.
ಹಲಗೆಯಲ್ಲಿ ನನ್ನ ಹೆಸರು, ಮುಂದೆ ಅರವತ್ತು ರೂಪಾಯಿ.
ಸೋಮವಾರವೇ ಕೊಟ್ಟಿದ್ದೆ.
ಹೇಳಲೋ ಬೇಡವೋ ಎಂದು ನಿಂತೆ.
ಹಾಲು ಉಕ್ಕುತ್ತಿತ್ತು.